ನಾಣ್ಯವಾಗಲು ಹೊರಟ ಮೀಟರಯ್ಯ

ನೀರು ಸರಬರಾಜು ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಮನೆಮನೆಗೆ ಹೋಗಿ ಮೀಟರ್ ಓದಿದ ಮನುಷ್ಯನಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ನಮ್ಮ ಮೀಟರಯ್ಯನಿಗೂ ಉಳಿದಿರಲಿಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದ "ಮೀಟರ್ ಬಂತು" ಅನ್ನುತ್ತಿದ್ದರೇ ಹೊರತು "ಬಂದರು" ಅಂತ ಯಾರೂ ಅಂದದ್ದಿಲ್ಲ. ಅವನು ಮೊಣಕಾಲೂರಿ, ಮೀಟರಿನ ಗಾಜಿನ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚ್ ಬಿಟ್ಟು ಅಂಕಿ ಬರೆದುಕೊಳ್ಳುವಾಗ ಮನೆಯವರಿಗೆ ಕಾಣುತ್ತಿದ್ದುದು ಅವನ ಬೆನ್ನು. ಹೀಗಾಗಿ ಊರಿನ ಅರ್ಧ ಜನಕ್ಕೆ ಅವನ ಬೆನ್ನಿನ ಪರಿಚಯ ಚೆನ್ನಾಗಿತ್ತು. ಮುಖದ್ದು ಅಷ್ಟಕ್ಕಷ್ಟೆ.

ಇಂಥವನ ಮುಖದ ಮೇಲೆ ಸರ್ಕಾರದ್ದೇ ಕಣ್ಣು ಬಿತ್ತು ಅನ್ನುವ ಸುದ್ದಿ ಹೇಗೆ ಹುಟ್ಟಿತು ಅನ್ನುವುದನ್ನು ಹೇಳಬೇಕಾದರೆ ಅವನ ಷಡ್ಡಕನಿಂದ ಶುರು ಮಾಡಬೇಕು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಹಾಸಿಗೆ ದಿಂಬಿನ ಅಂಗಡಿ ಇಟ್ಟುಕೊಂಡಿದ್ದ. ಒಂದು ಭಾನುವಾರ ಇವರು ಅವನ ಮನೆಗೆ ಹೋದಾಗ ಅವನು ಕಪಾಟಿನ ಬೀಗ ತೆಗೆದು, ಮಖಮಲ್ಲಿನ ಪೆಟ್ಟಿಗೆಯೊಂದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಒಳಗೆ ಏಳು ನಾಣ್ಯಗಳಿದ್ದವು.

"ಕೈ ತೊಳ್ಕೊಂಡು ಬನ್ನಿ," ಎಂದ. ಮೀಟರಯ್ಯ ತೊಳೆದುಕೊಂಡು ಬಂದ.

"ಮುಟ್ಟಬೇಡಿ ಮತ್ತೆ."

"ಮುಟ್ಟೋದಿಲ್ಲ ಅಂದ್ಮೇಲೆ ಕೈ ಯಾಕೆ ತೊಳೀಬೇಕಿತ್ತು?"

"ಒಂದು ಗೌರವಕ್ಕೆ. ಸ್ವಲ್ಪ ದೂರ ನಿಂತ್ಕೊಳ್ಳಿ, ನಿಮ್ಮ ಉಸಿರು ತಾಗುತ್ತೆ. ಇವು ಚಲಾವಣೆ ಆಗೋ ನಾಣ್ಯ ಅಲ್ಲ. ಸಂಗ್ರಹಕ್ಕೆ ಅಂತಲೇ ಮಾಡಿದ್ದು. ನಮ್ಮ ದಲ್ಲಾಳಿ ಒಬ್ಬರಿದಾರೆ, ನನಗೆ ಅಂತಲೇ ಎತ್ತಿಟ್ಟಿರ್ತಾರೆ. ನಿಮಗೆಲ್ಲ ಇದು ತಲೆಗೆ ಹತ್ತೋದಿಲ್ಲ ಬಿಡಿ."

ಮೀಟರಯ್ಯ ಉಸಿರು ಬಿಗಿ ಹಿಡಿದುಕೊಂಡೇ ಏಳೂ ನಾಣ್ಯ ನೋಡಿದ. ಏಳನೆಯದಕ್ಕೆ ಬರುವಷ್ಟರಲ್ಲಿ ಕಿವಿ ಕೆಂಪಾಗಿತ್ತು. ಅವಮಾನದಿಂದಲೋ ಗಾಳಿ ಇಲ್ಲದೆಯೋ ಹೇಳುವುದು ಕಷ್ಟ. ಬಿಟ್ಟ ಉಸಿರಿನ ಜೊತೆಗೇ ಮಾತೂ ಹೊರಬಂತು:

"ದಲ್ಲಾಳಿ ಹತ್ರ ತಗೋತೀರಾ? ಅಯ್ಯೋ ಪಾಪ. ನಂದೇನಿದ್ರೂ ನೇರ ಟಂಕಸಾಲೆ ಜೊತೆ. ಅವರು ಕೇಳಿದಾರೆ, ನಾನೇ ಇನ್ನೂ ಉತ್ತರ ಕೊಟ್ಟಿಲ್ಲ."

ಷಡ್ಡಕನ ಕೈಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ತಾನಾಗಿ ಮುಚ್ಚಿಕೊಂಡಿತು. ಮೀಟರಯ್ಯ ಜೀವನದಲ್ಲಿ ಅದಕ್ಕಿಂತ ಸವಿಯಾದ ಶಬ್ದ ಕೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು. "ಯಾವ ಟಂಕಸಾಲೆ ರೀ? ಏನು ಕೇಳಿದಾರೆ ನಿಮ್ಮನ್ನ?"

ಮೀಟರಯ್ಯ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕರಪತ್ರ ತೆಗೆದ. ಬೆಳಗ್ಗೆ ಪೇಪರಿನ ಜೊತೆ ಬಂದದ್ದು. ಸರ್ಕಾರಿ ಟಂಕಸಾಲೆಯವರು ಪಕ್ಷಿಗಳ ಸರಣಿಯಲ್ಲಿ ನೂರರ ಬೆಳ್ಳಿ ನಾಣ್ಯವೊಂದನ್ನು ಹೊರತರುತ್ತಿದ್ದರು. ಇನ್ನೂರೇ ಪ್ರತಿ. ಬೆಲೆ ನಾಲ್ಕು ಸಾವಿರ. ನಡುವೆ ದಲ್ಲಾಳಿ ಇಲ್ಲ, ಅಂಚೆ ಕಚೇರಿಯಲ್ಲಿ ಸಿಗುವ ಅರ್ಜಿಗೆ ಒಂದು ಫೋಟೋ ಅಂಟಿಸಿ ಹಣದ ಸಮೇತ ಟಂಕಸಾಲೆಗೇ ಕಳಿಸಬೇಕು. 'ನೀವೂ ಒಂದು ನಾಣ್ಯಕ್ಕೆ ಒಡೆಯರಾಗುವಿರಾ?' ಎಂದು ದಪ್ಪ ಅಕ್ಷರದಲ್ಲಿತ್ತು. ಕೇಳಿದಾರೆ ಅಂದದ್ದು ಇದನ್ನೇ. ಹಿಂಬದಿಯಲ್ಲಿ, ಮೀಟರ್ ಓದಿ ಪಳಗಿದ ಕಣ್ಣಿಗೆ ಮಾತ್ರ ಕಾಣುವಷ್ಟು ಸಣ್ಣಗೆ, 'ನಾಣ್ಯದ ಮೇಲಿನ ಚಿತ್ರ: ಗೂಬೆ' ಎಂದೂ ಇತ್ತು.

"ನೂರರ ನಾಣ್ಯಕ್ಕೆ ನಾಲ್ಕು ಸಾವಿರ ಯಾಕೆ?" ಎಂದಳು ಹೆಂಡತಿ.

"ಬೆಳ್ಳಿ ಕಣೇ. ಅಪರೂಪದ್ದು."

"ನಾಳೆ ಅಂಗಡಿಗೆ ತಗೊಂಡು ಹೋದ್ರೆ ಎಷ್ಟರ ಸಾಮಾನು ಕೊಡ್ತಾರೆ?"

"ನೂರರದ್ದು."

"ಹಂಗಿದ್ರೆ ಉಳಿದ ಮೂರು ಸಾವಿರದ ಒಂಬೈನೂರು ಎಲ್ಲಿಗೆ ಹೋಯ್ತು?"

ಮೀಟರಯ್ಯ ಸ್ವಲ್ಪ ಯೋಚಿಸಿ, "ಗೂಬೆಗೆ," ಎಂದ.

ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿದು ಕೊಡುತ್ತಿದ್ದಳು. ಹೊಲಿಗೆ ಯಂತ್ರಕ್ಕೆ ಮೋಟರು ಹಾಕಿಸೋಣ, ಕಾಲು ತುಳಿದು ತುಳಿದು ಮಂಡಿ ಹೋಯಿತು ಎಂದು ಅವಳು ಎರಡು ವರ್ಷದಿಂದ ಕೂಡಿಸಿಟ್ಟದ್ದು ಸರಿಯಾಗಿ ನಾಲ್ಕು ಸಾವಿರ. ಆದರೂ ಅವಳು ಜಗಳಕ್ಕೆ ಬರಲಿಲ್ಲ. "ತಗೊಳ್ಳೋದಾದ್ರೆ ತಗೊಳ್ಳಿ, ಬಿಡೋದಾದ್ರೆ ಬಿಡಿ. ಒಂದು ತೀರ್ಮಾನ ಅಂತ ಮಾಡಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಅವಳು ಕೇಳಿದ್ದು ಬಹಳ ದೊಡ್ಡದು. ಮೀಟರಯ್ಯ ಜೀವಮಾನದಲ್ಲಿ ತೀರ್ಮಾನ ಅಂತ ಮಾಡಿದವನಲ್ಲ. ಕೆಲಸ ಅವನಪ್ಪ ನೋಡಿದ್ದು, ಹೆಂಡತಿಯನ್ನು ಅವನಮ್ಮ ನೋಡಿದ್ದು, ಚಪ್ಪಲಿಯನ್ನು ಅಂಗಡಿಯವನೇ ಆರಿಸಿ ಕೊಡುತ್ತಿದ್ದ. ಆದ್ದರಿಂದ ಅವನು ತೀರ್ಮಾನವನ್ನು ಪಕ್ಕಕ್ಕಿಟ್ಟು, ತೀರ್ಮಾನ ಬೇಕಿಲ್ಲದ ಕೆಲಸ ಮೊದಲು ಮುಗಿಸೋಣವೆಂದು ಫೋಟೋ ತೆಗೆಸಲು ಹೋದ.

ಸ್ಟುಡಿಯೋದವನು ದೀಪ ಹಚ್ಚುತ್ತ ಮಾಮೂಲಿನಂತೆ ಕೇಳಿದ. "ಯಾತಕ್ಕೆ ಸಾರ್? ಲೈಸೆನ್ಸಿಗಾ, ಪಾಸ್‌ಪೋರ್ಟಿಗಾ?"

"ನಾಣ್ಯಕ್ಕೆ. ಟಂಕಸಾಲೆಯವರು ಕೇಳಿದಾರೆ."

ಸ್ಟುಡಿಯೋದವನು ಹಚ್ಚಿದ ದೀಪ ಆರಿಸಿದ. ಮೀಟರಯ್ಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತಗುಲಿಸಿ ಬಂದ.

"ಹಂಗಿದ್ರೆ ಎದುರಿನಿಂದ ಬೇಡ ಸಾರ್. ನಾಣ್ಯ ಅಂದ್ರೆ ಪಕ್ಕದಿಂದಲೇ ಆಗಬೇಕು. ಗೋಡೆ ಕಡೆ ತಿರುಗಿ. ಗಲ್ಲ ಎತ್ತಿ. ಇನ್ನೂ ಎತ್ತಿ. ಪ್ರಜೆಗಳೆಲ್ಲ ಕೆಳಗಡೆ ನಿಂತಿದಾರೆ ಅಂದ್ಕೊಳ್ಳಿ."

ಇದು ಟಂಕಸಾಲೆಯ ನಿಯಮವೇ ಇರಬೇಕೆಂದು ಮೀಟರಯ್ಯ ಒಂದೂವರೆ ಗಂಟೆ ಗೋಡೆಯ ಮೇಲಿನ ಹಲ್ಲಿಯನ್ನು ಪ್ರಜೆಯೆಂದು ಭಾವಿಸಿ ನಿಂತ. ಕೊನೆಗೆ ದುಡ್ಡು ಕೊಡಲು ಹೋದರೆ ಸ್ಟುಡಿಯೋದವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ನಿಮ್ಮ ಹತ್ರ ದುಡ್ಡಾ ಸಾರ್? ಇನ್ಮೇಲೆ ನೀವೇ ದುಡ್ಡು!"

ಎಷ್ಟು ರಸಿಕ, ಎಂದುಕೊಂಡು ಮೀಟರಯ್ಯ ಮನೆಗೆ ಬಂದ. ಅವನು ಮನೆ ಸೇರುವ ಮೊದಲೇ ಸುದ್ದಿ ಬೀದಿ ಸೇರಿತ್ತು.

ಮರುದಿನದಿಂದ ಜನ ಅವನ ಜೊತೆ ಬೇರೆ ರೀತಿ ನಡೆದುಕೊಳ್ಳತೊಡಗಿದರು. "ಮೀಟರ್ ಬಂತು" ಹೋಗಿ "ಬಂದ್ರು, ಬಂದ್ರು" ಆಯಿತು. ಮೂಲೆಯ ಬೇಕರಿಯಾಕೆ ಬ್ರೆಡ್ಡಿನ ಜೊತೆ ಎರಡು ಬಿಸ್ಕತ್ತು ಹಾಕಿ, "ಇದನ್ನೆಲ್ಲ ಹೆಂಗೆ ಕಾಪಾಡ್ಕೋಬೇಕು?" ಎಂದು ಕೇಳಿದಳು. ಮೀಟರಯ್ಯ ಕರಪತ್ರದಲ್ಲಿ ಓದಿದ್ದನ್ನು ಒಪ್ಪಿಸಿದ: "ಬರೀ ಕೈಲಿ ಮುಟ್ಟಬಾರದು. ಸೋಪು ಹಾಕಿ ಉಜ್ಜಬಾರದು. ತೇವ ತಾಗಬಾರದು." ಅಂದಿನಿಂದ ಆಕೆ ಅವನಿಗೆ ಚಿಲ್ಲರೆಯನ್ನು ಇಕ್ಕಳದಲ್ಲಿ ಕೊಡತೊಡಗಿದಳು. ಮಳೆ ಹನಿಯಿತೆಂದರೆ ಓಡಿ ಬಂದು ಅವನ ತಲೆಯ ಮೇಲೆ ಛತ್ರಿ ಹಿಡಿಯುತ್ತಿದ್ದಳು.

ಮೇಲಿನ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದರು. ಅವರು ಮೆಟ್ಟಿಲಿನಲ್ಲಿ ಅವನನ್ನು ಅಡ್ಡಗಟ್ಟಿದರು.

"ಒಪ್ಪಿಕೊಂಡ್ರೇನಯ್ಯ?"

"ಯೋಚನೆ ಮಾಡ್ತಿದೀನಿ ಮೇಷ್ಟ್ರೇ."

"ಯೋಚನೆ! ಬೇರೆಯವರಾಗಿದ್ರೆ ಎದ್ದೂ ಬಿದ್ದೂ ಓಡ್ತಿದ್ರು."

"ಒಮ್ಮೆ ಕೈ ಹಾಕಿದ್ಮೇಲೆ ವಾಪಸ್ ಬರೋ ಹಂಗಿಲ್ಲವಂತೆ. ಮನೇಲಿ ಬೇರೆ ಇವಳಿಗೆ ಇಷ್ಟ ಇಲ್ಲ."

ಮೇಷ್ಟರು ಆ ಕ್ಷಣವೇ ಕೆಳಗಿಳಿದು ಬಂದು ಹೆಂಡತಿಯ ಮುಂದೆ ನಿಂತರು. "ಏನಮ್ಮಾ, ಇಂಥ ಭಾಗ್ಯ ಬಂದಾಗ ನೀನೇ ಬೇಡ ಅಂದ್ರೆ ಹೇಗೆ?"

ಅವಳು ಯಂತ್ರ ತುಳಿಯುತ್ತಲೇ ಹೇಳಿದಳು. "ನೀವೇ ಹೇಳಿ ಮೇಷ್ಟ್ರೇ, ಒಂದು ಗೂಬೆಗೋಸ್ಕರ ಇಷ್ಟೆಲ್ಲ ಖರ್ಚು ಮಾಡಬೇಕಾ?"

ಮೇಷ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಕಟ್ಟಿಕೊಂಡ ಗಂಡನನ್ನು ಮೂರನೆಯವರ ಮುಂದೆ ಹೀಗೆ ಅನ್ನುವ ಹೆಂಗಸನ್ನು ಕಂಡಿರಲಿಲ್ಲ. ಆಮೇಲೆ ಮೀಟರಯ್ಯನ ಬೆನ್ನು ಸವರಿ, "ದೊಡ್ಡ ಮನುಷ್ಯರಿಗೆಲ್ಲ ಮನೇಲಿ ಹೀಗೇ ಇರುತ್ತಪ್ಪ. ಸಹಿಸ್ಕೋ," ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತ ಮೇಲೆ ಹೋದರು.

ಎರಡು ದಿನ ಕಳೆದು ದೊಡ್ಡ ಸಾಹೇಬರಿಂದ ಕರೆ ಬಂತು. ದೊಡ್ಡ ಸಾಹೇಬರೆಂದರೆ ಇಲಾಖೆಗೆ ಮುಖ್ಯಸ್ಥರು. ಇಪ್ಪತ್ತೆರಡು ವರ್ಷದಲ್ಲಿ ಮೀಟರಯ್ಯ ಅವರ ಕೋಣೆಯನ್ನು ಎರಡೇ ಸಲ ನೋಡಿದ್ದ, ಎರಡೂ ಸಲ ಅಲ್ಲಿಯ ನಲ್ಲಿ ಸೋರುತ್ತಿತ್ತು. ಈ ಸಲ ಸಾಹೇಬರು ತಾವೇ ಎದ್ದು ಕುರ್ಚಿ ಎಳೆದು ಕೂರಿಸಿದರು.

"ಯಾವ ಲೋಹದಲ್ಲಿ ಬರ್ತಿದೆ?"

"ಬೆಳ್ಳೀಲಿ, ಸಾರ್."

"ಭೇಷ್! ತಾಮ್ರದಲ್ಲಿ ಮಾಡಿದ್ರೆ ಇಲಾಖೆಗೆ ಅವಮಾನ ಆಗ್ತಿತ್ತು. ನೀವು ಸುಮ್ನೆ ಒಪ್ಕೊಳ್ಳಿ. ಟಂಕಸಾಲೆಗೆ ಇಲಾಖೆ ಕಡೆಯಿಂದ ನಾನೇ ಒಂದು ಪತ್ರ ಬರೀತೀನಿ."

"ಅಯ್ಯೋ, ಇಷ್ಟು ಸಣ್ಣ ವಿಷಯಕ್ಕೆ ತಾವ್ಯಾಕೆ ಸಾರ್?"

"ಇದು ಸಣ್ಣ ವಿಷಯಾನಾ? ಇಂಥ ವಿನಯ ಇರೋದಕ್ಕೇ ನಿಮ್ಮನ್ನ ಆರಿಸಿದಾರೆ. ಇವತ್ತಿಂದ ನೀವು ಬಿಸಿಲಿಗೆ ಹೋಗಬೇಡಿ. ಮುಖ ಕಂದಿಹೋದ್ರೆ ಆಮೇಲೆ ಹೊಂದಾಣಿಕೆ ಆಗೋದಿಲ್ಲ."

ಯಾವುದಕ್ಕೆ ಯಾವುದು ಹೊಂದಾಣಿಕೆ ಆಗಬೇಕು ಎಂದು ಮೀಟರಯ್ಯನಿಗೆ ಅರ್ಥವಾಗಲಿಲ್ಲ. ಆದರೆ ಸಾಹೇಬರ ಮಾತು ಅರ್ಥವಾಗುವ ಪದ್ಧತಿ ಇಲಾಖೆಯಲ್ಲಿ ಇರಲೂ ಇಲ್ಲ. ಅವನಿಗೆ ಫ್ಯಾನಿನ ಕೆಳಗೆ ಮೇಜು ಸಿಕ್ಕಿತು, ಮೇಜಿನ ಮೇಲೆ ಗಂಟೆ ಸಿಕ್ಕಿತು. ಕೆಲಸ ಸಿಗಲಿಲ್ಲ. ಗಂಟೆ ಬಾರಿಸಿದರೆ ಜವಾನ ಬಂದು "ಏನು ಸಾರ್?" ಅನ್ನುತ್ತಿದ್ದ. ಇವನು "ಏನಿಲ್ಲಪ್ಪ, ಬಾರಿಸುತ್ತಾ ಅಂತ ನೋಡಿದೆ," ಅನ್ನುತ್ತಿದ್ದ.

ಅಷ್ಟರಲ್ಲಿ ಊರಿಗೆ ನಾಣ್ಯದ ಹುಚ್ಚು ಹಿಡಿಯಿತು. ಅಂಚೆ ಕಚೇರಿಯಲ್ಲಿ ಅರ್ಜಿಗೆ ಸಾಲು ನಿಂತಿತು. ಬೇಕರಿಯಾಕೆ ಒಂದಕ್ಕೆ ಹಣ ಕಟ್ಟಿದಳು. ಮೇಷ್ಟರು ಪಿಂಚಣಿಯಲ್ಲಿ ಒಂದು, ಸ್ಟುಡಿಯೋದವನು ಒಂದು. ಇಲಾಖೆಯಲ್ಲಿ ಪಂಪ್ ಚಾಲಕರಿಂದ ಹಿಡಿದು ಸಾಹೇಬರ ತನಕ ಎಲ್ಲರೂ. ಷಡ್ಡಕನಂತೂ ಹೆಂಡತಿಯ ಜೊತೆ ಮನೆಗೇ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಸ್ವಲ್ಪ ದೂರ ನಿಂತು ಮಾತಾಡಿದ.

"ಆ ಏಳೂ ನಾಣ್ಯ ಮಾರಿಬಿಟ್ಟೆ. ನಿಮ್ಮದೇ ಮೂರು ತಗೊಂಡೆ. ಇಷ್ಟು ದಿನ ನಿಮ್ಮನ್ನ ಗುರುತಿಸಲಿಲ್ಲ, ಮನಸ್ಸಲ್ಲಿ ಇಟ್ಕೋಬೇಡಿ."

ಮೀಟರಯ್ಯನ ಎದೆ ಉಬ್ಬಿತು. ನಾಣ್ಯ ಸಂಗ್ರಹದ ಬಗ್ಗೆ ತನ್ನ ಒಂದು ಮಾತಿಗೆ ಊರು ಈ ಪರಿ ಎದ್ದು ನಿಂತಿದೆಯಲ್ಲ ಅನ್ನಿಸಿತು. ಒಂದೇ ಕೊರಗು. ಎಲ್ಲರೂ ಕೊಂಡಾಯಿತು, ಅವನದೇ ಇನ್ನೂ ತೀರ್ಮಾನವಾಗಿರಲಿಲ್ಲ. ಬೆಳಗ್ಗೆ ಬೇಕೆನಿಸಿದರೆ, ಸಂಜೆ ಹೆಂಡತಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡಿದಾಗ ಬೇಡವೆನಿಸುತ್ತಿತ್ತು. ಅರ್ಜಿ ಅರ್ಧ ತುಂಬಿಸಿ ಹಾಗೇ ಇಟ್ಟಿದ್ದ.

ಆ ತಿಂಗಳ ಕೊನೆಯ ವಾರದಲ್ಲಿ ಇಲಾಖೆಯ ಸಭಾಂಗಣದಲ್ಲಿ ಸನ್ಮಾನ ಏರ್ಪಾಟಾಯಿತು. ಯಾರಿಗೆ ಎಂದು ಮೀಟರಯ್ಯ ಕೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ವೇದಿಕೆ ಹತ್ತಿ ತಿರುಗಿ ನೋಡಿದರೆ ಹಿಂದೆ ಹತ್ತಡಿ ಎತ್ತರದ ಬಟ್ಟೆಯ ಮೇಲೆ ದುಂಡನೆಯ ಬೆಳ್ಳಿ ಬಣ್ಣದ ಚಕ್ರ, ಅದರೊಳಗೆ ಗಲ್ಲ ಎತ್ತಿಕೊಂಡು ಹಲ್ಲಿಯನ್ನು ದಿಟ್ಟಿಸುತ್ತಿರುವ ಅವನದೇ ಮುಖ.

ದೊಡ್ಡ ಸಾಹೇಬರು ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡರು. "ಮಹನೀಯರೇ, ಇಷ್ಟು ದಿನ ಇವರು ಬಗ್ಗಿ ಅಂಕಿ ಓದಿದರು. ಇನ್ನು ಮುಂದೆ ಇವರ ಬೆನ್ನ ಹಿಂದೆಯೇ ಅಂಕಿ ಇರುತ್ತದೆ! ಮುಂದೆ ಇವರ ಮುಖ, ಹಿಂದೆ ನೂರು! ನಮ್ಮ ಇಲಾಖೆಯಿಂದ ನಾಣ್ಯವಾಗುತ್ತಿರುವ ಮೊದಲ ನೌಕರರು ಇವರು!"

ಆಗ ಮೀಟರಯ್ಯನಿಗೆ ಹೊಳೆಯಿತು. ಇಕ್ಕಳ ಹೊಳೆಯಿತು, ಛತ್ರಿ ಹೊಳೆಯಿತು, ಫ್ಯಾನಿನ ಕೆಳಗಿನ ಮೇಜು ಹೊಳೆಯಿತು. ಅವನು ನುಗ್ಗಿ ಮೈಕು ಹಿಡಿದ.

"ಸ್ವಾಮಿ, ತಪ್ಪಾಗಿದೆ! ನಾಣ್ಯದ ಮೇಲೆ ಇರೋದು ನಾನಲ್ಲ. ಗೂಬೆ!"

ಚಪ್ಪಾಳೆ ಬಿತ್ತು ನೋಡಿ, ಸೂರು ಹಾರುವ ಹಾಗೆ.

"ನಿಜವಾಗ್ಲೂ ಗೂಬೆ! ಕರಪತ್ರದಲ್ಲಿ ಹಾಕಿದಾರೆ! ಬರೀ ಗೂಬೆ!"

ಚಪ್ಪಾಳೆ ಇಮ್ಮಡಿಯಾಯಿತು. ಮೇಷ್ಟರು ಎದ್ದು ನಿಂತು, "ನೋಡಿ, ಎಲ್ಲರೂ ನೋಡಿ ಕಲೀರಿ! ಇಷ್ಟು ಎತ್ತರಕ್ಕೆ ಏರಿದ ಮನುಷ್ಯ ತನ್ನನ್ನು ತಾನೇ ಗೂಬೆ ಅಂತಾನೆ! ಹೆಂಡತಿ ಅಂದದ್ದನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ!" ಎಂದು ಕೂಗಿದರು. ಬೇಕರಿಯಾಕೆ ಬಿಕ್ಕಿ ಬಿಕ್ಕಿ ಅತ್ತಳು. ಮೂರನೆಯ ಸಾಲಿನಲ್ಲಿದ್ದ ಹೆಂಡತಿ ಮಾತ್ರ ಗಂಡನನ್ನು ನೋಡಿ, ಹಿಂದಿನ ಚಿತ್ರ ನೋಡಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

ಈ ಗದ್ದಲದಲ್ಲಿ ಜವಾನ ಲಕೋಟೆಯೊಂದನ್ನು ಹಿಡಿದು ಓಡಿ ಬಂದ. ಟಂಕಸಾಲೆಯ ಮುದ್ರೆ. ದೊಡ್ಡ ಸಾಹೇಬರು ಬರೆದ ಪತ್ರಕ್ಕೆ ಉತ್ತರ. ಬಿಡುಗಡೆಯ ದಿನಾಂಕವೇ ಬಂದಿರಬೇಕೆಂದು ಸಾಹೇಬರು ಅಲ್ಲೇ ಒಡೆದು, ಮೈಕಿನಲ್ಲೇ ಗಟ್ಟಿಯಾಗಿ ಓದಿದರು.

"'ತಮ್ಮ ಪ್ರಸ್ತಾವನೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಸದರಿ ನೌಕರರು ಇನ್ನೂ ಬದುಕಿರುವುದು ಕಂಡುಬಂದಿದೆ. ಬದುಕಿರುವವರ ಮುಖವನ್ನು ನಾಣ್ಯದ ಮೇಲೆ ಟಂಕಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಸದರಿ ನ್ಯೂನತೆಯನ್ನು ಸರಿಪಡಿಸಿಕೊಂಡು ಪ್ರಸ್ತಾವನೆಯನ್ನು ಮರುಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು. ಈ ಸಾಲಿನ ನಾಣ್ಯದ ಮೇಲೆ ಗೂಬೆ ಇರುತ್ತದೆ.'"

ಓದುತ್ತ ಓದುತ್ತ ಸಾಹೇಬರ ದನಿ ಇಳಿಯಿತು. ಸಭೆಯ ಇನ್ನೂರು ಕಣ್ಣುಗಳು ಏಕಕಾಲಕ್ಕೆ ಮೀಟರಯ್ಯನ ಮೇಲೆ ನೆಟ್ಟವು. ಆ ನ್ಯೂನತೆ ಅಲ್ಲೇ ನಿಂತು ಉಸಿರಾಡುತ್ತಿತ್ತು. ಒಬ್ಬಿಬ್ಬರು ಅದು ಸರಿಹೋಗುವ ಸಾಧ್ಯತೆ ಏನಾದರೂ ಇದೆಯೇ ಎಂಬಂತೆ ಕತ್ತು ಚಾಚಿ ನೋಡಿದರು.

ಮೊದಲು ಬಾಯಿ ಬಿಟ್ಟವನು ಷಡ್ಡಕ. "ಅಲ್ರೀ, ಬದುಕಿದೀನಿ ಅಂತ ಮೊದಲೇ ಹೇಳೋದಲ್ವಾ? ಹನ್ನೆರಡು ಸಾವಿರ ಕಟ್ಟಿದೀನಿ!"

"ನನ್ನ ಪಿಂಚಣಿ!" ಎಂದರು ಮೇಷ್ಟರು.

"ಎರಡು ವಾರ ಬಿಟ್ಟಿ ಬಿಸ್ಕತ್ತು ತಿಂದ್ರಲ್ಲ!" ಎಂದಳು ಬೇಕರಿಯಾಕೆ.

ಕೊಟ್ಟ ಆರ್ಡರು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಸರ್ಕಾರ ಗೂಬೆಯನ್ನು ನಾಣ್ಯದ ಮೇಲೆ ಕೂರಿಸುವ ಮೊದಲೇ ಊರು ಅದನ್ನು ಮೀಟರಯ್ಯನ ಮೇಲೆ ಕೂರಿಸಿಬಿಟ್ಟಿತು. ಮರುದಿನ ಫ್ಯಾನಿನ ಕೆಳಗಿನ ಮೇಜು ಮಾಯವಾಗಿತ್ತು. ಅದು ಇದ್ದ ಜಾಗದಲ್ಲಿ ಜವಾನ ನಿಂತು ಒಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡ. ಅದು ನೋಟಿಸು: 'ತಾವು ಇಲಾಖೆಯ ಪೂರ್ವಾನುಮತಿ ಪಡೆಯದೆ ನಾಣ್ಯವಾಗಲು ಯತ್ನಿಸಿದ್ದು, ಅದರಲ್ಲಿ ವಿಫಲರೂ ಆಗಿ ಇಲಾಖೆಗೆ ಮುಜುಗರ ಉಂಟುಮಾಡಿದ್ದೀರಿ. ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನದೊಳಗೆ ಸೂಕ್ತ ದಾಖಲೆಯೊಂದಿಗೆ ಸಮಜಾಯಿಷಿ ನೀಡುವುದು.'

ಮೀಟರಯ್ಯ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಕೂತ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಕಿ ತಪ್ಪು ಓದಿದವನಲ್ಲ.

"ನಾಣ್ಯ ಆಗೋಕೆ ಹೋಗಿರಲಿಲ್ಲ, ಕೊಂಡ್ಕೊಳ್ಳೋಕೆ ಹೋಗಿದ್ದೆ ಅಂತ ಹೇಳಿದ್ರೆ, ಹಂಗಾದ್ರೆ ಕೊಂಡಿರೋದು ಎಲ್ಲಿ ತೋರಿಸು ಅಂತಾರೆ ಕಣೇ. ನನ್ನ ಹತ್ರ ರಸೀತಿ ಕೂಡ ಇಲ್ಲ. ಊರಲ್ಲಿ ಎಲ್ಲರ ಹತ್ರಾನೂ ಇದೆ."

ಹೆಂಡತಿ ನೋಟಿಸನ್ನು ಓದಿ ಮಡಿಸಿಟ್ಟಳು. ಆಮೇಲೆ ದಾರದುಂಡೆಗಳ ಡಬ್ಬಿಯ ತಳದಿಂದ ನಾಲ್ಕು ಸಾವಿರ ತೆಗೆದು ಅವನ ಮುಂದಿಟ್ಟಳು.

"ಏಳಿ. ಟಂಕಸಾಲೆಗೇ ಹೋಗಿ ತಗೊಂಡು ಬರೋಣ."

"ನಿನ್ನ ಮೋಟರು?"

"ಮೋಟರಿಲ್ಲದೆ ಎರಡು ವರ್ಷ ತುಳಿದಿದೀನಿ. ನೀವು ಕೆಲಸ ಇಲ್ಲದೆ ಎರಡು ದಿನ ಮನೇಲಿ ಕೂತ್ರೆ ನನಗೆ ತಡಿಯೋಕಾಗಲ್ಲ. ಏಳಿ."

ಹೀಗೆ ಒಂದು ತಿಂಗಳ ಬಳಿಕ, ಬೇರೆ ದಾರಿಯೇ ಇಲ್ಲದೆ, ತೀರ್ಮಾನವಾಯಿತು.

ಟಂಕಸಾಲೆ ಊರಾಚೆಗಿನ ಹಳೆಯ ಕಟ್ಟಡ. ನಾಣ್ಯ ಮಾಡುವ ಕಡೆ ಯಾರನ್ನೂ ಬಿಡುತ್ತಿರಲಿಲ್ಲ, ಮಾರುವ ಕಡೆ ಯಾರೂ ಹೋಗುತ್ತಿರಲಿಲ್ಲ. ಕಂಬಿ ಹಾಕಿದ ಕೌಂಟರಿನ ಹಿಂದೆ ಕುಳಿತ ಗುಮಾಸ್ತೆ ಸ್ವೆಟರ್ ಹೆಣೆಯುತ್ತಿದ್ದಳು.

"ಗೂಬೆ ಒಂದು ಕೊಡಿ ಮೇಡಂ," ಎಂದ ಮೀಟರಯ್ಯ, ಹಣ ಮುಂದಿಟ್ಟು.

"ಗೂಬೆ ಖಾಲಿ. ಇನ್ನೂರೂ ನಿನ್ನೆಗೆ ಮುಗಿದು ಹೋಯ್ತು."

"ಒಂದೂ ಇಲ್ವಾ?"

"ಹೋದ ವರ್ಷದ ಕೊಕ್ಕರೆ ಇದೆ. ಇನ್ನೂರರಲ್ಲಿ ನೂರ ತೊಂಬತ್ತೊಂದು ಇದೆ. ಎಷ್ಟು ಕೊಡಲಿ?" ಹೆಣಿಗೆ ಕೆಳಗಿಟ್ಟಳು. "ನಮಗೇ ಆಶ್ಚರ್ಯ. ಕೊಕ್ಕರೆಗಿಲ್ಲದ ಗಿರಾಕಿ ಗೂಬೆಗೆ ಎಲ್ಲಿಂದ ಬಂದ್ರೋ. ಯಾವುದೋ ಒಂದೇ ಬೀದಿಯಿಂದ ಮೂವತ್ತೊಂದು ಅರ್ಜಿ. ನೀರಿನ ಇಲಾಖೆಯಿಂದ ಎಪ್ಪತ್ತು."

ಮೀಟರಯ್ಯ ಗೋಡೆಗೊರಗಿದ. ಊರಿಗೆಲ್ಲ ಗೂಬೆ ಕೊಡಿಸಿದವನಿಗೆ ಒಂದು ಗೂಬೆ ಇಲ್ಲ. ಇನ್ನು ಕೆಲಸ ಹೋದಂತೆಯೇ. ಅಷ್ಟರಲ್ಲಿ ಹೆಂಡತಿ ಅವನ ಪಕ್ಕದ ಗೋಡೆಯ ಮೇಲೆ ಹಚ್ಚಿದ್ದ ಪಟ್ಟಿಯನ್ನು ಬೆರಳಿಟ್ಟು ಓದತೊಡಗಿದ್ದಳು. ಕೊಂಡವರ ಹೆಸರನ್ನೆಲ್ಲ ಹೀಗೆ ಎಲ್ಲರಿಗೂ ಕಾಣುವಂತೆ ಹಚ್ಚುವುದು ಟಂಕಸಾಲೆಯ ನಿಯಮ. ಹೆಸರು, ಎಷ್ಟು ಪ್ರತಿ, ಕೊನೆಯಲ್ಲಿ 'ವಿಶೇಷ ಕೋರಿಕೆ' ಎಂಬ ಅಂಕಣ.

"ಮೇಡಂ, ಈ ಕೋರಿಕೆ ಅಂದ್ರೆ ಏನು?"

"ಅದಾ? ಅರ್ಜೀಲಿ ಅವರವರು ಬರೆದದ್ದು. ಜೋಪಾನವಾಗಿ ಕಳಿಸಿ, ಮನೇಲಿಲ್ಲದಿದ್ರೆ ಪಕ್ಕದ ಮನೇಲಿ ಕೊಡಿ, ಇಂಥಾದ್ದು."

"ಹಾಗಾದ್ರೆ ಇದೇನು?"

ಅವಳ ಬೆರಳು ದೊಡ್ಡ ಸಾಹೇಬರ ಹೆಸರಿನ ಮುಂದೆ ನಿಂತಿತ್ತು. ಎರಡು ಪ್ರತಿ. ವಿಶೇಷ ಕೋರಿಕೆ: 'ನಾಣ್ಯದ ಮತ್ತೊಂದು ಬದಿಯಲ್ಲಿ ಅಂಕಿಯ ಬದಲು ನನ್ನ ಮುಖ ಹಾಕಲು ಸಾಧ್ಯವಾದಲ್ಲಿ ತಿಳಿಸುವುದು. ಎಡಬದಿ ಚೆನ್ನಾಗಿದೆ.'

ಹೆಂಡತಿ ಅದನ್ನು ಎರಡು ಸಲ ಓದಿದಳು. ಆಮೇಲೆ ಬಹಳ ಮೃದುವಾಗಿ ಕೇಳಿದಳು. "ಇದರದ್ದೊಂದು ನಕಲು, ಸೀಲು ಹಾಕಿ ಕೊಡ್ತೀರಾ ಮೇಡಂ?"

ವಾಪಸು ಬರುವಾಗ ಅವರು ದಾರಿಯಲ್ಲೇ ಇಳಿದು ಹೊಲಿಗೆ ಯಂತ್ರದ ಮೋಟರು ಕೊಂಡರು. ಮೀಟರಯ್ಯ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ನಾಲ್ಕು ಸಾವಿರಕ್ಕೆ ಸರಿಯಾದ ತೂಕ ಇದೆ ಅನ್ನಿಸಿತು.

ಮರುದಿನ ಸಮಜಾಯಿಷಿ ಕೊಡಲು ಗಂಡ ಹೆಂಡತಿ ಇಬ್ಬರೂ ದೊಡ್ಡ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಕುರ್ಚಿ ಕೊಡಲಿಲ್ಲ.

"ದಾಖಲೆ ತಂದಿದೀರೇನ್ರಿ?"

"ತಂದಿದೀನಿ ಸಾರ್," ಎಂದು ಮೀಟರಯ್ಯ ಕಾಗದ ಮುಂದಿಟ್ಟ.

ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ ಕುರ್ಚಿ ಎಳೆದರು, ಒಂದಲ್ಲ, ಎರಡು.

"ಕೂತ್ಕೊಳ್ಳಿ ತಾಯಿ. ಇದನ್ನ ಬೇರೆ ಯಾರಾದ್ರೂ ನೋಡಿದಾರಾ?"

"ಗೋಡೆ ಮೇಲೆ ಹಚ್ಚಿದಾರೆ ಸಾರ್," ಎಂದಳು ಹೆಂಡತಿ. "ಆದ್ರೆ ಪುಣ್ಯಕ್ಕೆ ಅಲ್ಲಿಗೆ ಯಾರೂ ಹೋಗೋದಿಲ್ಲ. ನಮ್ಮವರಿಗೆ ಏನಾದ್ರೂ ಆದ್ರೆ ಮಾತ್ರ ನಾನು ಮತ್ತೆ ಹೋಗಬೇಕಾಗುತ್ತೆ. ಹೋಗುವಾಗ ಜೊತೆಗೆ ನಾಲ್ಕು ಜನಾನೂ ಬರ್ತಾರೆ."

ಅರ್ಧ ಗಂಟೆಯಲ್ಲಿ ಹೊಸ ಆದೇಶ ಟೈಪಾಗಿ ಬಂತು: 'ಕೂಲಂಕಷ ವಿಚಾರಣೆಯ ಬಳಿಕ, ಈ ಇಲಾಖೆಯಲ್ಲಿ ಯಾರೊಬ್ಬರೂ, ಯಾವ ಹಂತದಲ್ಲೂ, ಯಾವ ಬದಿಯಿಂದಲೂ ನಾಣ್ಯವಾಗಲು ಯತ್ನಿಸಿರುವುದಿಲ್ಲ ಎಂದು ದೃಢಪಟ್ಟಿರುತ್ತದೆ.'

ಮೀಟರಯ್ಯ ಮತ್ತೆ ಟಾರ್ಚ್ ಹಿಡಿದು ಮೊಣಕಾಲೂರಿದ. ಊರಿನ ಸಿಟ್ಟೂ ಹೆಚ್ಚು ದಿನ ಉಳಿಯಲಿಲ್ಲ. ಇನ್ನೂರು ಗೂಬೆಯೂ ತಿಂಗಳೊಳಗೆ ಖರ್ಚಾದದ್ದು ಟಂಕಸಾಲೆಯ ಚರಿತ್ರೆಯಲ್ಲೇ ಮೊದಲಂತೆ. ದಲ್ಲಾಳಿಗಳು ಒಂದಕ್ಕೆ ಹತ್ತು ಸಾವಿರ ಕೊಡಲು ಬೀದಿಗೆ ಬಂದರು. ಷಡ್ಡಕ ಮೂರನ್ನೂ ಮಾರಿ, ಇದೆಲ್ಲ ತನ್ನದೇ ದೂರದೃಷ್ಟಿ ಎಂದು ಹೇಳಿಕೊಂಡು ತಿರುಗಿದ. ಮೇಷ್ಟರು ಮಾರಲಿಲ್ಲ. ಯಾಕೆಂದು ಕೇಳಿದರೆ, "ಯಾವತ್ತಾದರೂ ಆತ ಅರ್ಹನಾಗಬಹುದು, ಕಾಯೋಣ," ಎನ್ನುತ್ತಿದ್ದರು.

ಒಂದು ಸಂಜೆ ಜವಾನ ಬಂದು ಸಣ್ಣ ಪೊಟ್ಟಣವೊಂದನ್ನು ಕೊಟ್ಟು, "ಸಾಹೇಬರು ಕೊಟ್ರು, ಯಾರಿಗೂ ಹೇಳಬೇಡಿ ಅಂದ್ರು," ಎಂದು ಹೇಳಿ ಹೋದ. ಸಾಹೇಬರ ಎರಡು ನಾಣ್ಯಗಳಲ್ಲಿ ಒಂದು. ಮೀಟರಯ್ಯ ಮೊದಲು ಕೈ ತೊಳೆದುಕೊಳ್ಳಲು ಹೋದ. ಹೆಂಡತಿಯೇ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದಳು.

ಬೆಳ್ಳಿಯಲ್ಲಿ ಕಡೆದ ಗೂಬೆ. ಪಕ್ಕಕ್ಕೆ ತಿರುಗಿರಲಿಲ್ಲ, ನೇರ ಎದುರಿಗೇ ನೋಡುತ್ತಿತ್ತು. ಎರಡು ದುಂಡು ಕಣ್ಣು, ನಡುವೆ ಬಾಗಿದ ಮೂಗು, ಒಟ್ಟಾರೆ ಮುಖದಲ್ಲಿ ಯಾವುದೋ ಒಂದು ವಿಷಯ ಇನ್ನೂ ಅರ್ಥವಾಗದಂಥ ಕಳೆ.

"ರೀ, ಸ್ವಲ್ಪ ಇತ್ಲಾಗೆ ತಿರುಗಿ," ಎಂದಳು.

ಅವನು ತಿರುಗಿದ.

"ಕನ್ನಡಕ ಹಾಕ್ಕೊಳ್ಳಿ."

ಹಾಕಿಕೊಂಡ. ಅವಳು ನಾಣ್ಯವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಮತ್ತೊಮ್ಮೆ ನಾಣ್ಯ, ಮತ್ತೊಮ್ಮೆ ಅವನು.

"ಯಾಕೇ? ಏನಾಯ್ತು?" ಎಂದ ಮೀಟರಯ್ಯ ಗಾಬರಿಯಿಂದ.

"ಏನಿಲ್ಲ," ಎಂದಳು ಅವಳು, ನಾಣ್ಯವನ್ನು ಮೆಲ್ಲಗೆ ಪೊಟ್ಟಣದಲ್ಲಿಟ್ಟು. "ನಿಮ್ಮನ್ನ ಒಂದು ಸಲಾನೂ ನೋಡದೆ ಇಷ್ಟು ಚೆನ್ನಾಗಿ ಹೆಂಗ್ರೀ ಮಾಡಿದ್ರು?"